ಒಂದು ವಿಶೇಷಣದಲ್ಲಿ ಮುಗಿದ ಯುದ್ಧ

ದೇವಗಿರಿಯ ಸೇವುಣ ದೊರೆ ಎರಡನೆಯ ಸಿಂಘಣನ ದಂಡನಾಯಕ ಬೀಚಣ. ಅವನ ಪರಾಕ್ರಮವನ್ನು ಹಾವೇರಿ ಸೀಮೆಯ ಹರಳಹಳ್ಳಿಯಲ್ಲಿ ದೊರೆತ 1238ರ ತಾಮ್ರಶಾಸನ ಕೊಂಡಾಡುತ್ತದೆ. ಬೀಚಣ ರಟ್ಟರನ್ನು ಅಡಗಿಸಿದ, ಕೊಂಕಣದ ಕದಂಬರನ್ನು ಮಣಿಸಿದ, ಗುತ್ತಿಯ ಪಾಂಡ್ಯರನ್ನು, ಹೊಯ್ಸಳರನ್ನು ಸೋಲಿಸಿ ಕಾವೇರಿಯ ಬಳಿ ಜಯಸ್ತಂಭ ನೆಟ್ಟ ಎಂಬುದು ಅದರ ಸಾರಾಂಶ. ಎರಡೂವರೆ ಶತಮಾನ ಬಾಳಿದ ರಟ್ಟರ ಮನೆತನದ ಅವಸಾನಕ್ಕೆ ಇಲ್ಲಿ ಸಿಕ್ಕಿರುವುದು ದಂಡನಾಯಕನ ಬಿರುದಾವಳಿಯಲ್ಲಿ ಒಂದೇ ಒಂದು ವಿಶೇಷಣ.

ಸವದತ್ತಿಯ ರಟ್ಟರು ಆಳಿದ ಕೂಂಡಿ ಮೂರುಸಾವಿರವೆಂದರೆ ಹೆಚ್ಚುಕಡಿಮೆ ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳೆಲ್ಲ ಅದರ ಮಡಿಲಲ್ಲಿದ್ದವು. ಈ ನಾಡನ್ನು ನೆರೆಯ ದೊಡ್ಡ ರಾಜ್ಯವೊಂದು ನುಂಗಿತು. ಅದು ಹೇಗೆ ನಡೆಯಿತು, ಯಾವ ಕೋಟೆ ಬಿತ್ತು, ಯಾರು ಎದುರು ನಿಂತರು? ಈ ಪ್ರಶಸ್ತಿ, ಎಂದರೆ ಶಾಸನದ ಹೊಗಳಿಕೆ, ಬರೆದವನಿಗೆ ಈ ಯಾವುದೂ ಬೇಕಿರಲಿಲ್ಲ. ಯುದ್ಧದ ದಾಖಲೆಯಾಗಿ ಹರಳಹಳ್ಳಿಯ ಶಾಸನ ತೀರ ಬಡವಾದದ್ದು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಪ್ರಶಸ್ತಿ ಎಂಬ ಪ್ರಕಾರವೇ ಹಾಗೆ ಎಂದು ಸಮಾಧಾನ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 634ರಲ್ಲಿ ಐಹೊಳೆಯ ಮೇಗುತಿ ಬಸದಿಯ ಗೋಡೆಗೆ ರವಿಕೀರ್ತಿ ಬರೆದದ್ದೂ ಪ್ರಶಸ್ತಿಯೇ. ಅಲ್ಲಿ ಇಮ್ಮಡಿ ಪುಲಕೇಶಿಯ ದಂಡು ನೀರು ಬಳಸಿ ನಿಂತ ಬನವಾಸಿಯನ್ನು ಮುತ್ತುತ್ತದೆ, ಪುರಿಯ ಮೇಲೆ ಹಡಗುಗಳು ಏರಿ ಹೋಗುತ್ತವೆ, ಪಲ್ಲವ ದೊರೆ ಕಂಚಿಯ ಕೋಟೆಗೋಡೆಯ ಹಿಂದೆ ಸರಿಯುತ್ತಾನೆ. ಹೊಗಳಿಕೆಗೆ ಕೊರತೆಯಿಲ್ಲ, ಆದರೂ ಜಾಗ ಕಾಣುತ್ತದೆ, ಚಲನೆ ಕಾಣುತ್ತದೆ. ಬೀಚಣನ ಹೊಗಳುಭಟ್ಟನಲ್ಲಿ ಸೋತವರ ಹೆಸರುಗಳ ಪಟ್ಟಿಯೊಂದೇ ಇದೆ.

ರೋಮನ್ನರ ಉದಾಹರಣೆಯನ್ನೂ ನೆನೆಯಬಹುದು. ಟ್ರಾಜನ್ ಚಕ್ರವರ್ತಿ ಡ್ಯಾನ್ಯೂಬ್ ನದಿಯಾಚೆಯ ಡೇಸಿಯಾ ರಾಜ್ಯದ ಮೇಲೆ 101ರಲ್ಲಿ ಒಮ್ಮೆ, 105ರಲ್ಲಿ ಮತ್ತೊಮ್ಮೆ ದಂಡೆತ್ತಿ ಹೋದ. ಆ ಗೆಲುವಿಗಾಗಿ ರೋಮಿನಲ್ಲಿ 113ರಲ್ಲಿ ನಿಲ್ಲಿಸಿದ ಕಂಬದ ಸುತ್ತ ಸೈನಿಕರು ಮರ ಕಡಿಯುವುದು, ಸೇತುವೆ ದಾಟುವುದು, ಕೊನೆಗೆ ಡೇಸಿಯಾದ ಅರಸ ಡೆಸಿಬಾಲಸ್ ತನ್ನ ಪ್ರಾಣ ತಾನೇ ತೆಗೆದುಕೊಳ್ಳುವುದು ಎಲ್ಲವನ್ನೂ ಕೆತ್ತಿದ್ದಾರೆ. ಅದೂ ಗೆದ್ದವರ ಕಥೆಯೇ. ಆದರೆ ಸೋತವನಿಗೆ ಅಲ್ಲಿ ಮುಖವಿದೆ. ರಟ್ಟರ ಕೊನೆಯ ದೊರೆ ಇಮ್ಮಡಿ ಲಕ್ಷ್ಮೀದೇವನಿಗೆ ಬೀಚಣನ ಪ್ರಶಸ್ತಿಯಲ್ಲಿ ಆ ಮುಖವಿಲ್ಲ.

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ಮುಖ್ಯ. ಡೇಸಿಯಾದವರು ತಮ್ಮ ಕಥೆಯನ್ನು ತಾವೇ ಹೇಳಿದ ಬರಹ ನಮಗೆ ಉಳಿದಿಲ್ಲ. ಕೂಂಡಿಯ ಕಲ್ಲುಗಳೋ ಇಂದಿಗೂ ಮಾತಾಡುತ್ತಿವೆ. ಗೋಕಾಕದ ಹತ್ತಿರದ ಕೊಣ್ಣೂರು, ಅಂದಿನ ಕೊಂಡನೂರು. ಅಲ್ಲಿಯ ಶಾಸನದಲ್ಲಿ 1087ರ ಬಸದಿ ದತ್ತಿಯಿದೆ. ಮೂಡಲಗಿ ತಾಲ್ಲೂಕಿನ ಕಲ್ಲೋಳಿಯದು 1204ರದು. ವೇಣುಗ್ರಾಮದಿಂದ, ಎಂದರೆ ಬೆಳಗಾವಿಯಿಂದ, ನಾಲ್ಕನೆಯ ಕಾರ್ತವೀರ್ಯ ಆಳುತ್ತಿದ್ದಾಗ ಆ ಊರಿನ ಹೆಸರು ಸಿಂದನ ಕಲ್ಪೊಳೆ. ಅಲ್ಲಿ ರಾಜನೆಂಬ ಪ್ರಭು ಕಟ್ಟಿಸಿದ ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯನ್ನು ಆ ಕಲ್ಲು ದಾಖಲಿಸುತ್ತದೆ. ದೊರೆಯ ವಂಶ, ತಮ್ಮ ಮಲ್ಲಿಕಾರ್ಜುನನ ಹೆಸರು, ದತ್ತಿ ಪಡೆದ ಆಚಾರ್ಯರ ಪರಂಪರೆ: ಒಂದು ನಾಡು ತನ್ನ ಬದುಕನ್ನು ಎಷ್ಟು ಎಚ್ಚರದಿಂದ ಬರೆದಿಟ್ಟಿತು ನೋಡಿ. ಇದೇ ಕಾರ್ತವೀರ್ಯನ ಆಸ್ಥಾನದಲ್ಲಿ ಪಾರ್ಶ್ವಪಂಡಿತ ಕನ್ನಡದಲ್ಲಿ ಪಾರ್ಶ್ವನಾಥ ಪುರಾಣ ಬರೆದ.

ರಟ್ಟರು ಪಾಪದವರು ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ವೇಣುಗ್ರಾಮವನ್ನು ಅವರೂ ಗೋವೆಯ ಕದಂಬರಿಂದ ಕಿತ್ತುಕೊಂಡವರೇ. ರಾಷ್ಟ್ರಕೂಟರ ವಂಶದವರೆಂದು ಹೇಳಿಕೊಂಡು, ಲತ್ತಲೂರಿನ ಒಡೆಯರೆಂಬ ಬಿರುದು ಹೊತ್ತು, ತಮ್ಮ ಪ್ರಶಸ್ತಿಗಳಲ್ಲಿ ಅವರೂ ಸಾಕಷ್ಟು ಮೆರೆದರು. ಆದರೆ ಅವರ ಶಾಸನಗಳು ಬಿರುದಾವಳಿ ದಾಟಿದ ಮೇಲೆ ಊರಿಗೆ ಇಳಿಯುತ್ತವೆ. ಅಲ್ಲಿಂದ ಮುಂದೆ ಅವುಗಳಲ್ಲಿ ಒಂದು ಸಾಲನ್ನೂ ಬಿಟ್ಟು ಓದಲು ಮನಸ್ಸಾಗುವುದಿಲ್ಲ.

1228ರ ಸವದತ್ತಿ ಶಾಸನವನ್ನು ಈ ದೃಷ್ಟಿಯಿಂದ ಮತ್ತೆ ಮತ್ತೆ ಓದಬೇಕು. ಶ್ರೀಶೈಲಕ್ಕೆ ಹೋಗಿ ಲಿಂಗ ತಂದ ಕೇಶಿರಾಜ ಮಲ್ಲಿಕಾರ್ಜುನ ಗುಡಿ ಕಟ್ಟಿಸುತ್ತಾನೆ. ಲಕ್ಷ್ಮೀದೇವ ಭೂಮಿ ಬಿಡುತ್ತಾನೆ. ಅವನ ರಾಜಗುರು ಮುನಿಚಂದ್ರ ಶಾಸ್ತ್ರದಲ್ಲೂ ಶಸ್ತ್ರದಲ್ಲೂ ಪಳಗಿದವನು, ರಟ್ಟರಾಜ್ಯವನ್ನು ನೆಲೆಗೊಳಿಸಿದವನು ಎಂಬ ಕೀರ್ತಿ ಹೊತ್ತವನು. ಜೈನ ಗುರುವೊಬ್ಬ ರಾಜ್ಯವನ್ನು ಹೊಸದಾಗಿ ನಿಲ್ಲಿಸಬೇಕಾಯಿತು ಎಂದರೆ ಅದಾಗಲೇ ಬುಡ ಅಲುಗಾಡಿತ್ತು ಎಂದೇ ನನ್ನ ಊಹೆ. ಅದಕ್ಕೆ ಆಧಾರ ದೂರದಲ್ಲಿಲ್ಲ. ಸವದತ್ತಿಯ ಮಗ್ಗುಲಲ್ಲೇ ಇರುವ ಮುನವಳ್ಳಿಯ 1223ರ ಶಾಸನ ಸಿಂಘಣನ ಕಾಲದ್ದು. ತೊರಗಲೆ ಆರುಸಾವಿರವನ್ನು ಅವನ ದಂಡನಾಯಕ ಪುರುಷೋತ್ತಮ ಆಳುತ್ತಿದ್ದನೆಂದು ಅದು ಹೇಳುತ್ತದೆ. ಸೇವುಣರು ಐದು ವರ್ಷ ಮೊದಲೇ ಹೊಸ್ತಿಲಲ್ಲಿದ್ದರು. ಮುನವಳ್ಳಿ, ಸವದತ್ತಿ, ಹರಳಹಳ್ಳಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ದಂಡಯಾತ್ರೆಯ ಮಿಂಚಿಗಿಂತ ವರ್ಷಗಟ್ಟಲೆ ಬಿಗಿಯುತ್ತ ಬಂದ ಉರುಳು ಕಾಣುತ್ತದೆ. ಬೀಚಣನ ಪ್ರಶಸ್ತಿ ಮರೆಮಾಡುವುದು ಇದನ್ನೇ. ನಿಧಾನದ ಒತ್ತಡ, ಸಾಮಂತರ ಓಲಾಟ, ಗಡಿಹಳ್ಳಿಗಳು ಒಡೆಯರನ್ನು ಬದಲಿಸಿದ ದಿನಗಳು ಎಲ್ಲ ಒಬ್ಬ ವೀರನ ತೋಳ್ಬಲದಲ್ಲಿ ಕರಗಿಹೋಗುತ್ತವೆ.

ರಟ್ಟರ ಶಾಸನಗಳನ್ನು ಒಂದೆಡೆ ತಂದು ಓದಿದ ಜೆ. ಎಫ್. ಫ್ಲೀಟ್ ಅವರ ಶ್ರಮ ದೊಡ್ಡದು. ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ 1882ರಲ್ಲಿ ಬಂದ ಅವರ ಗ್ರಂಥವಿಲ್ಲದೆ ನಮಗೆ ಈ ಕಾಲಾನುಕ್ರಮವೇ ಕಷ್ಟವಾಗುತ್ತಿತ್ತು. ಆದರೆ ಅವರ ಗಮನವೆಲ್ಲ ಯಾರ ಮಗ ಯಾರು, ಯಾವ ವರ್ಷ ಯಾರ ಪಟ್ಟ ಎಂಬುದರ ಮೇಲೆ. ಅವರ ನಂತರದ ನಮ್ಮ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಅದೇ ದಾರಿ ಹಿಡಿದವು. ಸಿಂಘಣ ರಟ್ಟರನ್ನು ಗೆದ್ದ ಎಂಬ ಒಂದು ವಾಕ್ಯ, ಮುಂದಿನ ಅಧ್ಯಾಯ. ಕಲ್ಲೋಳಿಯ ಹುಡುಗಿಯೊಬ್ಬಳು ತನ್ನ ಊರಿನ ಕಲ್ಲು ಈ ಕಥೆಯ ಸಾಕ್ಷಿ ಎಂದು ಆ ವಾಕ್ಯದಿಂದ ತಿಳಿಯಲಾರಳು.

ಕಾರ್ತವೀರ್ಯನ ಕಾಲದ ಎರಡು ಬೆಳಗಾವಿ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಇಲ್ಲೇ ಉಳಿದ ಶಾಸನಗಳ ಪಾಠವನ್ನು ಶಾಲೆಯ ಮಕ್ಕಳು ಓದಬಲ್ಲ ಇಂದಿನ ಕನ್ನಡದಲ್ಲಿ ಅಚ್ಚುಹಾಕಿ, ಆಯಾ ಊರಿನ ಪಂಚಾಯತಿಯಲ್ಲಿ, ಗುಡಿ ಬಸದಿಗಳ ಬಾಗಿಲಲ್ಲಿ ಇಡಬೇಕು. ಬೀಚಣನ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಇಡಲಿ. ಕೊಣ್ಣೂರಿನವರು, ಕಲ್ಲೋಳಿಯವರು ಎರಡನ್ನೂ ಓದಿ ತಾವೇ ತೂಗಿ ನೋಡಲಿ.