ಇಂಗ್ಲಿಷ್ ಬಾಗಿಲಿನಿಂದ ಜರ್ಮನ್

ನಮ್ಮ ಡೊಂಬಿವಲಿ, ಠಾಣೆ ಕಡೆ ಜರ್ಮನ್ ಕಲಿಯುವವರ ಕೈಯಲ್ಲಿ ನಾನು ಕಂಡ ಗೈಡುಗಳ ಮೇಲೆ ನನ್ನದೊಂದು ತಕರಾರಿದೆ. ಕಲಿಯುವವರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು ಎಂದುಕೊಂಡೇ ಅವನ್ನು ಬರೆದಂತಿದೆ. ಇಲ್ಲಿಯ ಕನ್ನಡದ ಮಕ್ಕಳಿಗೆ ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ಆ ಬಂಡವಾಳ ಲೆಕ್ಕಕ್ಕೇ ಇಲ್ಲ.

ನನ್ನ ಮಗಳು ಮದುವೆಯಾಗಿ ಸ್ಟುಟ್‌ಗಾರ್ಟ್‌ಗೆ ಹೋಗಬೇಕಿತ್ತು. 2007ರಿಂದ ಅಲ್ಲಿಗೆ ಗಂಡನನ್ನೋ ಹೆಂಡತಿಯನ್ನೋ ಸೇರಲು ಹೋಗುವವರಿಗೆ, ಕೆಲವು ವಿನಾಯಿತಿ ಬಿಟ್ಟರೆ, ಎ-1 ಮಟ್ಟದ ಜರ್ಮನ್ ಬೇಕು. ಪಾಸಾಗುವ ತನಕ ಸಂಸಾರ ಎರಡು ದೇಶದಲ್ಲಿ! ಕ್ಲಾಸಿನಲ್ಲಿ ಸಿಕ್ಕ ಉಪದೇಶವೇನು? "ಮನೇಲಿ ಆ ಎರಡು ಭಾಷೆ ಸ್ವಲ್ಪ ದಿನ ಬಿಡಿ, ಗೊಂದಲ ಆಗುತ್ತೆ." ಬಿಟ್ಟು ಅಜ್ಜಿಯ ಹತ್ತಿರ ಯಾವ ಭಾಷೆ ಮಾತಾಡಬೇಕೋ!

ಅವಳ ಪುಸ್ತಕ ತೆಗೆದು ನೋಡಿದೆ. ಡೆರ್, ಡೀ, ಡಾಸ್ ಎಂಬ ಮೂರು ಲಿಂಗಗಳ ಬಗ್ಗೆ ಎರಡು ಪುಟ ಸಮಾಧಾನ. ಜೀವವಿಲ್ಲದ ಕುರ್ಚಿಗೂ ಲಿಂಗವಿದೆಯೆಂದು ಮರಾಠಿ ಬಲ್ಲವರಿಗೆ ಹೇಳಬೇಕೆ? ಮರಾಠಿ ಖುರ್ಚಿ ಸ್ತ್ರೀಲಿಂಗ, ಜರ್ಮನ್ ಷ್ಟೂಲ್ ಪುಲ್ಲಿಂಗ. ಬಾಯಿಪಾಠ ತಪ್ಪದು, ಗಾಬರಿ ತಪ್ಪುತ್ತದೆ. ಹುಡುಗಿ, ಅಂದರೆ ಮೇಡ್ಶೆನ್, ನಪುಂಸಕವೆಂದು ಪುಸ್ತಕಕ್ಕೆ ಅಚ್ಚರಿ. ದಕ್ಷಿಣ ಕನ್ನಡದ ಹವ್ಯಕರ ಮನೆಗೆ ಹೋದರೆ ಹೆಂಗಸರಿಗೂ 'ಅದು' ಎನ್ನುವುದನ್ನು ಕೇಳಬಹುದು.

ಬ್ಯಾಂಕಿನವನಿಗೆ ಕಣ್ಣಿಗೆ ಬೀಳುವುದು ಅಂಕಿ. ಇಪ್ಪತ್ತೈದಕ್ಕೆ ಜರ್ಮನರು 'ಐದು-ಮತ್ತು-ಇಪ್ಪತ್ತು' ಎನ್ನುತ್ತಾರೆ. ಕನ್ನಡದ ಕಿವಿಗೆ ತಿರುವುಮುರುವು. ಮರಾಠಿಯ 'ಪಂಚವೀಸ್' ಅದೇ ಕ್ರಮ. ಇನ್ನು 'ಮೀರ್ ಇಸ್ಟ್ ಕಾಲ್ಟ್' ಎಂಬುದನ್ನು ಇಂಗ್ಲಿಷಿನಿಂದ ವಿವರಿಸಲು ಒದ್ದಾಟವೋ ಒದ್ದಾಟ. 'ನನಗೆ ಚಳಿ' ಎಂದರೆ ಮುಗಿಯಿತಲ್ಲ! ಆ 'ಗೆ' ಪ್ರತ್ಯಯ ನಮ್ಮ ಮಗು ಪದ ಜೋಡಿಸುವ ಹೊತ್ತಿಗೇ ಕಲಿತಿರುತ್ತದೆ.

ಹಾಗಂತ ಎಲ್ಲ ಸಲೀಸಲ್ಲ. ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ನಮ್ಮದರಂತೆ ಕೊನೆಗೆ ಬರುತ್ತದೆ, ಮುಖ್ಯವಾಕ್ಯದಲ್ಲಿ ಎರಡನೇ ಜಾಗಕ್ಕೆ ಹಾರುತ್ತದೆ. ಮಗಳು ಅಲ್ಲೇ ಹೆಚ್ಚು ಎಡವಿದ್ದು. ಒಳ್ಳೆಯ ಗೈಡು ಇದನ್ನು ಮೊದಲೇ ಎಚ್ಚರಿಸಬೇಕು. ಆದರೆ ಅದಕ್ಕೂ ಬರೆಯುವವರಿಗೆ ಕನ್ನಡದ ವಾಕ್ಯ ಗೊತ್ತಿರಬೇಕಲ್ಲ.

1853ರಲ್ಲಿ ಬಾಸೆಲ್ ಮಿಷನ್‌ನಿಂದ ಬಂದ ಜರ್ಮನ್ ಫರ್ಡಿನಂಡ್ ಕಿಟ್ಟೆಲ್, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕನ್ನಡ ಪದಗಳ ಪಕ್ಕ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನು ಇಟ್ಟು ನೋಡಿದರು. ಅವರಿಗೆ ಅಕ್ಕಪಕ್ಕದ ಭಾಷೆಗಳಿಂದ ಗೊಂದಲವಾಗಲಿಲ್ಲ. ನಮ್ಮ ಗೈಡುಗಳಲ್ಲಿ ಇಂಗ್ಲಿಷ್ ಅಂಕಣದ ಪಕ್ಕ ಮರಾಠಿಗೊಂದು, ಕನ್ನಡಕ್ಕೊಂದು ಅಂಕಣ ಹಾಕಲು ಎಷ್ಟು ಕಾಗದ ಖರ್ಚಾದೀತು?