ನಾರದನ ಎರಡು ವಾರ್ತೆಗಳು: ಅಪರಾಧವನ್ನು ಮುಂಚೆಯೇ ತಡೆಯುವ ಕಾಲಯಾನದ ಕಥೆಗಳು

ಪತ್ತೇದಾರಿ ಕಥೆಯ ವಸ್ತು ಆಗಿಹೋದ ಅಪರಾಧ. ಕೊಲೆ ನಡೆದಿದೆ, ಮಾಡಿದವರಾರೆಂದು ತಿಳಿಯಬೇಕು, ತಿಳಿದ ಮೇಲೆ ನ್ಯಾಯ ತನ್ನ ಕೆಲಸ ಮಾಡುತ್ತದೆ. ಕಳೆದ ಶತಮಾನದ ನಡುಭಾಗದಿಂದೀಚೆಗೆ ಈ ಕಥೆಗೆ ತಂಗಿಯೊಬ್ಬಳು ಹುಟ್ಟಿ ಬೆಳೆದಿದ್ದಾಳೆ. ಅವಳ ಮನೆಯಲ್ಲಿ ಕೊಲೆ ಇನ್ನೂ ನಡೆದಿಲ್ಲ. ಪತ್ತೇದಾರನು ಯಂತ್ರಬಲದಿಂದಲೋ ದಿವ್ಯದೃಷ್ಟಿಯಿಂದಲೋ ಕಾಲವನ್ನು ದಾಟಿ, ಎತ್ತಿದ ಕೈ ಇಳಿಯುವ ಮೊದಲೇ ಅದನ್ನು ಹಿಡಿಯುತ್ತಾನೆ. ಇಂದಿನ ವಿದ್ಯಾರ್ಥಿಗಳು ಮೊಬೈಲಿನ ಪರದೆಯ ಮೇಲೆ ನೋಡುವ ಚಿತ್ರಗಳಲ್ಲಿ ಈ ಜಾತಿಯವು ಹಲವು. ಹಿರಿಯರು ಇವನ್ನು ಹುಡುಗರ ಆಟವೆಂದು ಬದಿಗಿಡುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಈ ಕಥೆಗಳು ಕೇಳುವ ಪ್ರಶ್ನೆ ಉಪಾಧ್ಯಾಯರಾದ ನಮ್ಮನ್ನು ದಿನವೂ ಮುಟ್ಟುವ ಪ್ರಶ್ನೆಯೇ ಆಗಿದೆ: ಮುಂದೆ ಕೆಡುವನೆಂದು ತೋರುವವನನ್ನು ಇಂದು ಏನು ಮಾಡಬೇಕು?

1895ರಲ್ಲಿ ಪ್ರಕಟವಾದ ಎಚ್. ಜಿ. ವೆಲ್ಸ್‌ನ ‘ದಿ ಟೈಮ್ ಮೆಷಿನ್’ ಕಾದಂಬರಿಯ ಯಾತ್ರಿಕನು ದೂರದ ಭವಿಷ್ಯಕ್ಕೆ ಹೋದದ್ದು ನೋಡುವುದಕ್ಕಾಗಿ. ಲೋಕವನ್ನು ತಿದ್ದಬೇಕೆಂಬ ಹಟ ಅವನದಲ್ಲ. ತಿದ್ದುವ ಹಂಬಲ ಬಂದದ್ದು ಆಮೇಲೆ; ಅದರೊಡನೆ ತೊಡಕೂ ಬಂದಿತು. ತಡೆದ ಅಪರಾಧವು ನಡೆಯಲೇ ಇಲ್ಲ. ನಡೆಯದುದನ್ನು ತಿಳಿದದ್ದು ಹೇಗೆ? ನಮ್ಮ ತರ್ಕಶಾಸ್ತ್ರವು ಇಲ್ಲದಿರುವಿಕೆಯಲ್ಲಿಯೂ ಬಗೆಗಳನ್ನು ಎಣಿಸಿದೆ. ಮಡಕೆ ಹುಟ್ಟುವ ಮೊದಲು ಮಣ್ಣಿನಲ್ಲಿ ಅದು ಇಲ್ಲದಿರುವುದು ಪ್ರಾಗಭಾವ. ಮಡಕೆ ಹುಟ್ಟಿದೊಡನೆ ಅದು ಮುಗಿಯುತ್ತದೆ. ಎಂದೆಂದಿಗೂ ಇಲ್ಲದಿರುವುದು ಅತ್ಯಂತಾಭಾವ. ಬರಲಿರುವ ಕೊಲೆಗೆ ಈಗ ಇರುವುದು ಪ್ರಾಗಭಾವವೆಂದು ಪತ್ತೇದಾರನು ವಾದಿಸುತ್ತಾನೆ. ಅವನು ತಡೆದ ಮೇಲೆ ಅದು ಎಂದೂ ಹುಟ್ಟದ ವಸ್ತುವಾಯಿತು. ಹುಟ್ಟದ ಮಡಕೆಯ ಬೆಲೆಯನ್ನು ಕುಂಬಾರನಿಂದ ವಸೂಲು ಮಾಡಬಹುದೆ? ಈ ಜಾತಿಯ ಕಥೆಗಳೆಲ್ಲ ಈ ಒಂದು ಗಂಟಿನ ಸುತ್ತ ಸುತ್ತುತ್ತವೆ.

ಗಂಟು ಹೊಸದೇನೂ ಅಲ್ಲ. ನಮ್ಮ ಪುರಾಣಗಳಲ್ಲಿ ನಾರದನು ಎರಡು ಕಡೆ ಮುಂದಾಗುವುದರ ಸುದ್ದಿಯನ್ನು ತಂದಿದ್ದಾನೆ. ಒಂದು ಮಥುರೆಯಲ್ಲಿ. ದೇವಕಿಯ ಎಂಟನೆಯ ಗರ್ಭದಿಂದ ಮೃತ್ಯುವೆಂದು ಅಶರೀರವಾಣಿಯಿಂದ ಕೇಳಿದ ಕಂಸನು, ವಸುದೇವನು ಮಾತಿನಂತೆ ತಂದೊಪ್ಪಿಸಿದ ಮೊದಲ ಶಿಶುವನ್ನು ಹಿಂದಕ್ಕೆ ಕಳುಹಿಸಿದನು. ಇದು ಎಂಟನೆಯದಲ್ಲವಲ್ಲ ಎಂದನು. ನಾರದನು ಬಂದು ಹೋದ ಮೇಲೆ ಅವನ ಮನಸ್ಸು ತಿರುಗಿತೆಂದು ಭಾಗವತ ಹೇಳುತ್ತದೆ. ಆ ಬಳಿಕ ದಂಪತಿಗಳಿಗೆ ಸೆರೆ, ಶಿಶುಗಳಿಗೆ ಸಾವು, ಹೆತ್ತ ತಂದೆ ಉಗ್ರಸೇನನಿಗೂ ಬಂಧನ. ಇನ್ನೊಂದು ಕಡೆ ಅಶ್ವಪತಿಯ ಆಸ್ಥಾನ. ಸತ್ಯವಂತನ ಆಯುಸ್ಸು ಇನ್ನು ಒಂದೇ ವರ್ಷವೆಂದು ಅದೇ ನಾರದನು ಹೇಳಿದನು. ಸಾವಿತ್ರಿ ವರನನ್ನು ಬದಲಿಸಲಿಲ್ಲ, ಯಾರನ್ನೂ ಕಟ್ಟಿಹಾಕಲಿಲ್ಲ. ದಿನಗಳನ್ನು ಎಣಿಸಿದಳು, ಮೂರು ರಾತ್ರಿಗಳ ವ್ರತ ಹಿಡಿದಳು, ಆ ದಿನ ಗಂಡನ ಜೊತೆಯಲ್ಲಿ ಕಾಡಿಗೆ ನಡೆದಳು. ಯಮನ ಹಿಂದೆ ಹೆಜ್ಜೆ ಹಾಕುತ್ತ ಮಾತಿನಿಂದಲೇ ಅವನನ್ನು ಗೆದ್ದಳು. ಕುವೆಂಪು ಅವರು ತಮ್ಮ ‘ಯಮನ ಸೋಲು’ ನಾಟಕಕ್ಕೆ ಆರಿಸಿಕೊಂಡದ್ದು ಈ ಕಥೆಯನ್ನೇ.

ವಾರ್ತೆ ತಂದವನು ಒಬ್ಬನೇ; ಕೇಳಿದವರ ನಡತೆ ಬೇರೆ ಬೇರೆ. ಕಂಸನು ತಿಳಿವನ್ನು ಇತರರ ಮೇಲೆ ಪ್ರಯೋಗಿಸಿದನು, ಸಾವಿತ್ರಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡಳು. ಒಬ್ಬನ ತಡೆಯೇ ಅಪರಾಧವಾಯಿತು, ಇನ್ನೊಬ್ಬಳ ತಡೆ ತಪಸ್ಸಾಯಿತು. ಇಂದಿನ ಕಾಲಯಾನದ ಕಥೆಗಳನ್ನು ತೂಗುವುದಕ್ಕೆ ಇದಕ್ಕಿಂತ ಒಳ್ಳೆಯ ತಕ್ಕಡಿ ನಮಗೆ ಕಾಣುವುದಿಲ್ಲ.

ಮೊದಲು ಅಮೆರಿಕದ ಫಿಲಿಪ್ ಕೆ. ಡಿಕ್ 1956ರಲ್ಲಿ ಪ್ರಕಟಿಸಿದ ‘ದಿ ಮೈನಾರಿಟಿ ರಿಪೋರ್ಟ್’ ಎಂಬ ಸಣ್ಣ ಕಥೆ. ಇಲ್ಲಿ ದೇಹ ಕಾಲವನ್ನು ದಾಟುವುದಿಲ್ಲ, ದೃಷ್ಟಿ ದಾಟುತ್ತದೆ. ಭವಿಷ್ಯವನ್ನು ಕಾಣಬಲ್ಲ ಮೂವರನ್ನು ಯಂತ್ರಗಳಿಗೆ ಬಿಗಿದು ಕೂರಿಸಲಾಗಿದೆ. ಅವರಲ್ಲಿ ಇಬ್ಬರ ಮಾತು ಹೊಂದಿದರೆ ಸಾಕು, ಮುಂದೆ ಕೊಲೆ ಮಾಡಲಿರುವವನು ಇಂದೇ ಬಂದಿ. ಹಿಡಿದವರು ಯಾವ ಕಾನೂನನ್ನೂ ಮುರಿದಿಲ್ಲವೆಂಬುದು ಇಲಾಖೆಯ ಮುಖ್ಯಾಧಿಕಾರಿ ಆಂಡರ್ಟನ್ನನಿಗೆ ಗೊತ್ತಿದೆ. ಒಂದು ದಿನ ಬಂದ ಚೀಟಿಯಲ್ಲಿ ಅವನ ಹೆಸರೇ ಇರುತ್ತದೆ. ಡಿಕ್ಕನ ಜಾಣ್ಮೆ ಮುಂದಿನ ತಿರುವಿನಲ್ಲಿದೆ: ಮೂರು ವರದಿಗಳೂ ಒಂದರಂತೆ ಒಂದಿಲ್ಲ, ಒಂದನ್ನು ಓದಿದವನ ಮನಸ್ಸು ಬದಲಾಗುವುದರಿಂದ ಮುಂದಿನದು ಬೇರೆಯಾಗುತ್ತದೆ. ಭವಿಷ್ಯವನ್ನು ತಿಳಿಯುವುದೇ ಭವಿಷ್ಯವನ್ನು ಬದಲಿಸುವ ಕಾರಣವೆಂಬ ಈ ಸೂಕ್ಷ್ಮವನ್ನು ಇಷ್ಟು ಸ್ವಚ್ಛವಾಗಿ ಹೇಳಿದ ಕಥೆ ಅಪರೂಪ. ಆದರೆ ಕೊನೆಯಲ್ಲಿ ಆಂಡರ್ಟನ್ ವ್ಯವಸ್ಥೆಯ ಮಾನ ಉಳಿಸುವುದಕ್ಕಾಗಿ ಆ ಕೊಲೆಯನ್ನು ಮಾಡಿಯೇ ಬಿಡುತ್ತಾನೆ. ಕೊಲೆ ತಡೆಯುವ ಇಲಾಖೆ ಒಂದು ಕೊಲೆಯಿಂದ ಉಳಿಯುತ್ತದೆ. ಈ ಕಹಿ ವ್ಯಂಗ್ಯವೇ ಕಥೆಯ ಶಕ್ತಿ ಎನ್ನಬೇಕು. ಕಂಸನ ಸೆರೆಮನೆ ಉಳಿಯಬೇಕಾದರೆ ಅದಕ್ಕೆ ಬಲಿ ಬೇಕೇ ಬೇಕು.

2002ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಇದನ್ನು ಚಲಚ್ಚಿತ್ರವಾಗಿ ಮಾಡಿದರು. ಕಾಲ 2054, ಸ್ಥಳ ವಾಷಿಂಗ್‌ಟನ್. ಇಲ್ಲಿ ಅಂತ್ಯ ತಿರುಗಿದೆ: ಇಲಾಖೆ ಮುಚ್ಚುತ್ತದೆ, ಭವಿಷ್ಯ ಕಾಣುವ ಮೂವರಿಗೂ ಬಿಡುಗಡೆಯಾಗುತ್ತದೆ. ಇದು ಪ್ರೇಕ್ಷಕನಿಗೆ ಸಮಾಧಾನದ ಅಂತ್ಯ. ನೀತಿಯ ದೃಷ್ಟಿಯಿಂದ ಚಿತ್ರ ಮೇಲು; ಕಲೆಯ ದೃಷ್ಟಿಯಿಂದ ಡಿಕ್ಕನ ಕಥೆಯ ಮುಳ್ಳು ಇದರಲ್ಲಿ ಉಳಿದಿಲ್ಲ. ವ್ಯವಸ್ಥೆಯ ದೋಷವನ್ನು ಒಬ್ಬ ದುಷ್ಟ ಅಧಿಕಾರಿಯ ತಲೆಗೆ ಕಟ್ಟಿಬಿಟ್ಟಿದ್ದರಿಂದ, ಆ ಅಧಿಕಾರಿ ಒಳ್ಳೆಯವನಾಗಿದ್ದರೆ ವ್ಯವಸ್ಥೆಯೂ ಒಳ್ಳೆಯದೇ ಎಂಬ ಭ್ರಮೆಗೆ ಎಡೆಯಾಗಿದೆ.

ಎರಡನೆಯದು ರಾಬರ್ಟ್ ಹೈನ್‌ಲೈನ್ 1959ರಲ್ಲಿ ಪ್ರಕಟಿಸಿದ ಕಥೆಯನ್ನು ಆಧರಿಸಿ ಸ್ಪಿಯರಿಗ್ ಸಹೋದರರು 2014ರಲ್ಲಿ ತೆಗೆದ ‘ಪ್ರಿಡೆಸ್ಟಿನೇಷನ್’. ನ್ಯೂಯಾರ್ಕಿನಲ್ಲಿ ಬಾಂಬಿಟ್ಟು ಸಾವಿರಾರು ಜನರನ್ನು ಕೊಲ್ಲಲಿರುವವನನ್ನು ತಡೆಯಲು ಒಬ್ಬ ದೂತನು ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾನೆ. ಕೊನೆಗೆ ತಾನು ಬೆನ್ನಟ್ಟಿದ ಬಾಂಬಿನವನು ಮುಪ್ಪಿನ ತಾನೇ ಎಂದು ಕಾಣುತ್ತಾನೆ; ಕಂಡು ಗುಂಡು ಹಾರಿಸುತ್ತಾನೆ. ಮೂಲ ಕಥೆಯಲ್ಲಿ ಈ ಬಾಂಬಿನ ಬೇಟೆ ಇಲ್ಲ, ಚಿತ್ರದವರು ಸೇರಿಸಿದ್ದಾರೆ. ಸೇರಿಸಿದ್ದು ಔಚಿತ್ಯಪೂರ್ಣವೆಂದೇ ನಮ್ಮ ಮತ. ಇತರರನ್ನು ತಡೆಯುವ ವೃತ್ತಿಯಲ್ಲಿಯೇ ಮುದುಕನಾದವನು ತಾನು ತಡೆಯಬೇಕಾದದ್ದೇ ಆಗುವನೆಂಬ ಮಾತನ್ನು ಉಪದೇಶವಿಲ್ಲದೆ ಹೇಳಿದ್ದಾರೆ. ಅವನಿಗೆ ಒಂದು ಗಳಿಗೆ ಸಾವಿತ್ರಿಯಾಗುವ ಅವಕಾಶ ಇತ್ತು. ಪಿಸ್ತೂಲು ಕೈಯಲ್ಲಿದ್ದುದರಿಂದ ಅವನು ಕಂಸನೇ ಆದನು.

ಮೂರನೆಯದು ನಮ್ಮ ನೆರೆಗೇ ಬಂದ ಕಥೆ. 1998ರಲ್ಲಿ ಜರ್ಮನಿಯ ಟಾಮ್ ಟೈಕ್ವರ್ ‘ಲೋಲಾ ರೆಂಟ್’ ಎಂಬ ಚಿತ್ರವನ್ನು ತೆಗೆದನು. ಇಪ್ಪತ್ತು ನಿಮಿಷದಲ್ಲಿ ಒಂದು ಲಕ್ಷ ಮಾರ್ಕು ತಾರದಿದ್ದರೆ ಪ್ರಿಯನ ಪ್ರಾಣ ಹೋಗುತ್ತದೆ. ಲೋಲಾ ಓಡುತ್ತಾಳೆ, ಕೆಡುತ್ತದೆ, ಕಾಲ ಹಿಂದಕ್ಕೆ ಸರಿಯುತ್ತದೆ, ಮತ್ತೆ ಓಡುತ್ತಾಳೆ. ಮೊದಲ ಓಟದಲ್ಲಿ ಅಂಗಡಿಯ ದರೋಡೆ, ಸಾಯುವವಳು ಲೋಲಾ. ಎರಡನೆಯದರಲ್ಲಿ ತಂದೆಯ ಬ್ಯಾಂಕಿನ ದರೋಡೆ, ಸಾಯುವವನು ಪ್ರಿಯ. ಮೂರನೆಯದರಲ್ಲಿ ದರೋಡೆ ಇಲ್ಲ, ಇಬ್ಬರೂ ಬದುಕುತ್ತಾರೆ. ಮೊದಲ ಸಲ ಪಿಸ್ತೂಲಿನ ತಡೆಗುಂಡಿಯನ್ನು ಸರಿಸಲು ಬಾರದ ಲೋಲಾ ಎರಡನೆಯ ಸಲ ಅದನ್ನು ತಾನಾಗಿ ಸರಿಸುತ್ತಾಳೆ. ಕಾಲ ಅಳಿಸಿಹೋದರೂ ಕಲಿತದ್ದು ಅಳಿಯಲಿಲ್ಲವೆಂಬ ಈ ಕಿರುಸೂಚನೆ ಉಪಾಧ್ಯಾಯನ ಕಣ್ಣಿಗೆ ಬೀಳದೆ ಇರದು. ಆದರೆ ಮೂರನೆಯ ಸಲ ಅವಳಿಗೆ ಹಣ ಬಂದದ್ದು ಜೂಜಿನ ಚಕ್ರದಿಂದ. ಅದೃಷ್ಟಕ್ಕೆ ಶರಣಾದದ್ದು ಚಿತ್ರದ ಕುಂದು. ಪ್ರಿಯನು ತಾನು ಕಳೆದುಕೊಂಡ ಹಣವನ್ನು ತಾನೇ ಹುಡುಕಿ ಪಡೆದಿದ್ದಾನೆಂಬುದು ಆ ಕುಂದನ್ನು ಬಹುಮಟ್ಟಿಗೆ ಮುಚ್ಚುತ್ತದೆ.

ಈ ಚಿತ್ರವನ್ನು 2022ರಲ್ಲಿ ಆಕಾಶ್ ಭಾಟಿಯಾ ‘ಲೂಪ್ ಲಪೇಟಾ’ ಎಂಬ ಹೆಸರಿನಿಂದ ಹಿಂದಿಗೆ ತಂದರು. ಕಥೆಯನ್ನು ಗೋವೆಯಲ್ಲಿ ನಡೆಸಿದರು. ನಾಯಿಕೆಗೆ ಸವಿ, ನಾಯಕನಿಗೆ ಸತ್ಯ ಎಂದು ಹೆಸರಿಟ್ಟರು. ಬರ್ಲಿನ್ನಿನ ಓಟಗಾರ್ತಿ ಗೋವೆಗೆ ಬರುವಾಗ ಸಾವಿತ್ರಿಯಾಗಿ ಬಂದಳೆಂಬುದು ಗಮನಾರ್ಹ. ಹೆಸರಿನಲ್ಲಿ ಬಂದ ಸಾವಿತ್ರಿ ಸ್ವಭಾವದಲ್ಲಿ ಪೂರ್ತಿ ಬಂದಿಲ್ಲವೆನ್ನಬೇಕು; ಹಾಸ್ಯ, ಬಣ್ಣ, ಗದ್ದಲಗಳ ನಡುವೆ ಆ ವ್ರತದ ನಿಶ್ಚಲತೆಗೆ ಜಾಗ ಸಾಲದಾಗಿದೆ. ಆದರೂ ಪುನರಾವರ್ತನೆಯಿಂದ ಮನುಷ್ಯ ತಿದ್ದಿಕೊಳ್ಳಬಲ್ಲನೆಂಬ ನಂಬಿಕೆ ಚಿತ್ರದಲ್ಲಿ ಉಳಿದಿದೆ. ಕನ್ನಡದಲ್ಲಿಯೂ 2024ರಲ್ಲಿ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ ಕಾಲಯಾನವನ್ನೇ ವಸ್ತುವಾಗಿ ಹಿಡಿದು ಬಂದಿತು. ಈ ಪ್ರಕಾರ ನಮ್ಮ ಭಾಷೆಯಲ್ಲಿಯೂ ಬೇರು ಬಿಡುತ್ತಿರುವುದು ಸಂತೋಷದ ವಿಷಯ.

ಇಷ್ಟೆಲ್ಲ ಕಲ್ಪನೆಯ ಮಾತೆನ್ನುವವರು ನಮ್ಮ ಗಡಿನಾಡಿನ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು. ಡಿಕ್ಕನಿಗಿಂತ ಎಂಬತ್ತೈದು ವರ್ಷ ಮೊದಲು, 1871ರಲ್ಲಿ, ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಆಕ್ಟನ್ನು ಜಾರಿಗೆ ತಂದಿತು. ಕೆಲವು ಸಮುದಾಯಗಳ ಜನ ಏನು ಮಾಡಿದರೆಂದಲ್ಲ, ಮುಂದೆ ಏನು ಮಾಡುವರೆಂಬ ಊಹೆಯ ಮೇಲೆ ಅವರ ಹೆಸರುಗಳನ್ನು ಪಟ್ಟಿಗೆ ಸೇರಿಸಿ, ಹಾಜರಿ ಹಾಕಿಸಿ, ಸಂಚಾರಕ್ಕೆ ತಡೆಯೊಡ್ಡಿತು. ಬೊಂಬಾಯಿ ಪ್ರಾಂತದಲ್ಲಿದ್ದ ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಇಂಥವರನ್ನು ಇರಿಸುವ ಸೆಟ್ಲಮೆಂಟುಗಳಿದ್ದವು. 1911ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕೆಯ, ಬೇಸಾಯದ ಅಥವಾ ಸುಧಾರಣೆಯ ಶಾಲೆಗಳಲ್ಲಿ ಇಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1952ರ ಆಗಸ್ಟ್ 31ರಂದು ಈ ಕಾನೂನು ರದ್ದಾಯಿತು. ರೂಢಿಯ ಅಪರಾಧಿಗಳೆಂಬ ಹೆಸರಿನ ಕಾಯಿದೆಗಳು ಹಲವು ರಾಜ್ಯಗಳಲ್ಲಿ ಅದರ ನೆರಳಿನಂತೆ ಉಳಿದವು. ಕಾಲಯಂತ್ರವಿಲ್ಲದೆ, ದಿವ್ಯದೃಷ್ಟಿಯಿಲ್ಲದೆ, ಬರಿಯ ಊಹೆಯಿಂದ ಕಂಸನ ಕೆಲಸ ನಡೆದದ್ದು ಹೀಗೆ. ಆ ಕೆಲಸಕ್ಕೆ ಬಳಸಿದ ಉಪಕರಣಗಳಲ್ಲಿ ಶಾಲೆಯೂ ಒಂದು ಎಂಬುದನ್ನು ನಮ್ಮ ವೃತ್ತಿಯವರು ಮರೆಯತಕ್ಕದ್ದಲ್ಲ.

ದಾಬೋಲಿಮ್ ಎಂದರೆ ಹೊರಗಿನವರಿಗೆ ವಿಮಾನನಿಲ್ದಾಣ. ಚರಿತ್ರೆ ಬಲ್ಲವರಿಗೆ 1961ರ ಡಿಸೆಂಬರಿನಲ್ಲಿ ಭಾರತದ ವಿಮಾನಗಳು ಬಾಂಬು ಹಾಕಿದ ಓಡುದಾರಿ. ನಮಗೆ ಅದು ಅಷ್ಟೇ ಅಲ್ಲ. ಅದರ ಸುತ್ತಿನ ವಾಸ್ಕೋ, ಜುವಾರಿನಗರಗಳಲ್ಲಿ ಗದಗು, ವಿಜಾಪುರ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು ಬೆಳೆಯುತ್ತಾರೆ. ಓಣಿಯಲ್ಲಿ ಒಂದು ಕಳವಾದರೆ ಜನರ ಕಣ್ಣು ಮೊದಲು ತಿರುಗುವುದು ಇವರ ಗುಡಿಸಲುಗಳ ಕಡೆಗೆ. ತರಗತಿಯಲ್ಲಿ ಪೆನ್ನು ಕಾಣೆಯಾದರೂ ಹಾಗೆಯೇ. ಇವನು ಮುಂದೆ ಇಂಥವನೇ ಆಗುತ್ತಾನೆ ಎಂಬ ಮಾತನ್ನು ಉಪಾಧ್ಯಾಯರ ಕೊಠಡಿಗಳಲ್ಲಿ ನಾವು ಕೇಳುತ್ತಲೇ ಬಂದಿದ್ದೇವೆ. ಆ ಮಾತಿನಲ್ಲಿ ಇಬ್ಬರ ಹೊಂದಿಕೆಯೂ ಬೇಕಿಲ್ಲ, ಮೂರನೆಯವನ ಭಿನ್ನಮತಕ್ಕೂ ಎಡೆಯಿಲ್ಲ. ಅದನ್ನು ಹತ್ತು ಸಲ ಕೇಳಿದ ಹುಡುಗ ಹನ್ನೊಂದನೆಯ ಸಲ ಅದನ್ನು ನಿಜಮಾಡಿ ತೋರಿಸಿದರೆ, ನುಡಿದವರು ತಮ್ಮ ದೂರದೃಷ್ಟಿಯನ್ನು ಮೆಚ್ಚಿಕೊಳ್ಳುತ್ತಾರೆ. ಕಂಸನಿಗೂ ತನ್ನ ಜಾಗ್ರತೆಯ ಮೇಲೆ ಅಷ್ಟೇ ಭರವಸೆಯಿತ್ತು.

ಹಾಗೆಂದು ಮುಂದಾಲೋಚನೆಯೇ ಬೇಡವೆಂದು ನಾವು ಹೇಳುವುದಿಲ್ಲ. ಮಗು ಶಾಲೆಗೆ ತಪ್ಪಿಸಿಕೊಳ್ಳುತ್ತಿದೆ, ಸಂಗ ಕೆಟ್ಟಿದೆ, ಮನೆಯಲ್ಲಿ ಊಟವಿಲ್ಲ ಎಂಬುದನ್ನು ಮೊದಲೇ ಕಾಣುವ ಕಣ್ಣು ಉಪಾಧ್ಯಾಯನಿಗೆ ಇರಲೇಬೇಕು. ಕಂಡ ಮೇಲೆ ಏನು ಮಾಡುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಹುಡುಗನ ಹೆಸರನ್ನು ಮನಸ್ಸಿನ ಪಟ್ಟಿಯಲ್ಲಿ ಬರೆದಿಡುವುದು ಒಂದು ದಾರಿ. ಸಂಜೆ ಅರ್ಧ ಗಂಟೆ ಹೆಚ್ಚು ಕುಳಿತು ಅವನಿಗೆ ಓದು ಕಲಿಸುವುದು, ಅವನ ಮನೆಯ ಬಾಗಿಲವರೆಗೆ ನಡೆದು ಹೋಗುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ತಿದ್ದುಪಡಿ ಮೊದಲಾಗುವುದು ನಮ್ಮ ದಿನಚರಿಯಿಂದ.

ಆದುದರಿಂದ ನಮ್ಮ ಸಹೋದ್ಯೋಗಿಗಳಲ್ಲಿ ಒಂದು ಸೂಚನೆ. ಮೇಲಿನ ತರಗತಿಗಳಲ್ಲಿ ಕಂಸನ ಕಥೆಯನ್ನೂ ಸಾವಿತ್ರಿಯ ಕಥೆಯನ್ನೂ ಒಂದೇ ವಾರದಲ್ಲಿ ಹೇಳಿ, ನಾರದನು ಎರಡೂ ಕಡೆ ಬಂದದ್ದೇಕೆ ಎಂದು ಕೇಳಬಹುದು. ಮಕ್ಕಳು ತಾವು ಕಂಡ ಚಿತ್ರಗಳ ಮಾತನ್ನು ತಾವೇ ಎತ್ತುತ್ತಾರೆ. ಆ ಚರ್ಚೆ ಪರೀಕ್ಷೆಗೆ ಬಾರದಿರಬಹುದು. ಆದರೆ ಆಗದ ಅಪರಾಧಕ್ಕೆ ಯಾರನ್ನೂ ಶಿಕ್ಷಿಸಬಾರದೆಂಬ ವಿವೇಕ ಒಂದು ತರಗತಿಯಲ್ಲಿ ಮೂಡಿದರೂ, ಈ ಹಗುರವಾದ ಸಾಹಿತ್ಯ ಒಂದು ಭಾರವಾದ ಕೆಲಸವನ್ನು ಮಾಡಿದಂತಾಯಿತು.