ಮಗುವಿನ ಪ್ರಶ್ನೆ, ಪತ್ರಿಕೆಯ ಉತ್ತರ

ಕ್ರಿಸ್‌ಮಸ್ ರಾತ್ರಿ ಮಕ್ಕಳಿಗೆ ಉಡುಗೊರೆ ತರುವನೆನ್ನುವ ಸಾಂತಾಕ್ಲಾಸ್ ನಿಜವಾಗಿಯೂ ಇರುವನೇ? ನ್ಯೂಯಾರ್ಕಿನ ಎಂಟು ವರ್ಷದ ಬಾಲಿಕೆ ವರ್ಜೀನಿಯಾ ಓಹ್ಯಾನ್ಲನ್ ‘ದಿ ಸನ್’ ಪತ್ರಿಕೆಯನ್ನು ಹೀಗೆ ಕೇಳಿದಳು. ಇರುವನೆಂದೇ 1897ರ ಸೆಪ್ಟೆಂಬರ್ 21ರ ಸಂಪಾದಕೀಯ ಉತ್ತರಿಸಿತು. ಅದನ್ನು ಬರೆದವರು ಫ್ರಾನ್ಸಿಸ್ ಚರ್ಚ್.

ಪ್ರೀತಿ, ಔದಾರ್ಯಗಳು ಕಣ್ಣಿಗೆ ಕಾಣದಿದ್ದರೂ ಸತ್ಯವೆಂಬ ಅವರ ವಿಚಾರ ಘನವಾದುದು. ಆ ಬರಹ ಇಂದಿಗೂ ಬಾಳಿರುವುದು ಅದರಿಂದಲೇ. ಆದರೆ ವಾಚಕರು ಒಂದನ್ನು ಗಮನಿಸಬೇಕು. ಬಾಲಿಕೆ ಕೇಳಿದ್ದು ವ್ಯಕ್ತಿಯನ್ನು ಕುರಿತು. ಲೇಖಕರು ಹೇಳಿದ್ದು ಗುಣವನ್ನು ಕುರಿತು. ಮೇಲಾಗಿ, ಸಂದೇಹಿಸಿದ ಅವಳ ಗೆಳೆಯರದೇ ತಪ್ಪೆಂದರು. ಆ ಪತ್ರಿಕೆ ಹೇಳಿದ್ದು ನಿಜವಾಗಿರುತ್ತದೆಂದು ತಂದೆ ಹೇಳಿದ್ದನ್ನು ನಂಬಿ ಅವಳು ಬರೆದಿದ್ದಳು. ಅಂಥ ವಿಶ್ವಾಸಕ್ಕೆ ದ್ವ್ಯರ್ಥದ ಉತ್ತರ ಸಲ್ಲದು.

ತಂದೆತಾಯಿಗಳೇ, ಮಕ್ಕಳಿಂದ ಕಥೆಯನ್ನು ಕಸಿಯಬೇಡಿರಿ. ಕಥೆಯನ್ನು ಕಥೆಯೆಂದೇ ರಸವತ್ತಾಗಿ ಹೇಳಿರಿ. ಹುಲಿ ಮಾತನಾಡದೆಂದು ತಿಳಿದೂ ನಮ್ಮ ಮಕ್ಕಳು ಪುಣ್ಯಕೋಟಿಗಾಗಿ ಕಣ್ಣೀರಿಡುವರಲ್ಲವೇ? ಆದರೆ ‘ಇದು ನಿಜವೇ?’ ಎಂದು ಮಗು ಕೇಳಿದ ದಿನ ನಿಜವನ್ನೇ ನುಡಿಯಿರಿ. ಉಡುಗೊರೆ ಇಟ್ಟವರು ಹೆತ್ತವರೆಂದು ತಿಳಿದರೆ ಮಗುವಿನ ಪ್ರೀತಿ ಕುಂದದು. ಹೆತ್ತವರ ಮಾತು ನಂಬತಕ್ಕದ್ದಲ್ಲವೆಂದು ತಿಳಿದರೆ ಕುಂದೀತು.